ಸೂಪರ್‌ನೋವಾ ಹಿಡಿದವರ ಲೆಕ್ಕ ಹಿಡಿಯುವುದು ಹೇಗೆ?

ವರ್ಷಕ್ಕೊಮ್ಮೆ, ಹೆಚ್ಚಾಗಿ ಸೆಪ್ಟೆಂಬರ್ ಹೊತ್ತಿಗೆ, ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ವಿಶ್ವದ ಅಗ್ರ ಶೇ 2ರ ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ವಿಶ್ವವಿದ್ಯಾಲಯದ ಇಷ್ಟು ಮಂದಿ ಇದ್ದಾರೆ ಅಂತ. ಜೊತೆಗೆ ಸಾಲಾಗಿ ಪಾಸ್‌ಪೋರ್ಟ್ ಸೈಜಿನ ಫೋಟೊಗಳು. ಇದು ಸ್ಟ್ಯಾನ್‌ಫರ್ಡ್‌ನ ಜಾನ್ ಅಯೋನಿಡಿಸ್ ಮತ್ತು ಸಂಗಡಿಗರು ಸಂಶೋಧನಾ ಪೇಪರ್‌ಗಳ ದತ್ತಸಂಚಯವಾದ ಸ್ಕೋಪಸ್‌ನ ದತ್ತಾಂಶ ಬಳಸಿ ತಯಾರಿಸುವ ಪಟ್ಟಿ. ಪಟ್ಟಿ ಮಾಡಿದವರು ಯಾವ ಲೆಕ್ಕ ಹಾಕಿದ್ದಾರೆ ಅನ್ನುವುದನ್ನು ಮುಚ್ಚಿಟ್ಟಿಲ್ಲ, ಎಲ್ಲ ಬರೆದಿದ್ದಾರೆ. ಓದುವವರು ಕಡಿಮೆ, ಅಷ್ಟೇ.

ಆ ಲೆಕ್ಕ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಅಂತ ತಿಳಿಯಬೇಕಾದರೆ ಒಂದು ಕ್ಷೇತ್ರವನ್ನು ಕೈಗೆತ್ತಿಕೊಂಡು ನೋಡುವುದು ಒಳ್ಳೆಯದು. ಸೂಪರ್‌ನೋವಾ, ಅಂದರೆ ಸಿಡಿದು ಸಾಯುವ ನಕ್ಷತ್ರಗಳ ಅಧ್ಯಯನ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಇಲ್ಲಿ ಒಬ್ಬರೇ ಕೂತು ಮಾಡುವ ಕೆಲಸ ಕಡಿಮೆ. ಸಿಡಿತ ಯಾವಾಗ ಆಗುತ್ತದೋ ಯಾರಿಗೂ ಗೊತ್ತಿಲ್ಲ. ಆದಮೇಲೆ ಕೆಲವೇ ವಾರಗಳ ಆಟ. ಅಷ್ಟರೊಳಗೆ ಬೇರೆ ಬೇರೆ ದೇಶಗಳ ಟೆಲಿಸ್ಕೋಪ್‌ಗಳು ಒಂದೇ ಚುಕ್ಕಿಯತ್ತ ತಿರುಗಬೇಕು. ಇಂಥ ಕಡೆ ಒಬ್ಬ ವಿಜ್ಞಾನಿಯ ಪ್ರಭಾವ ಅಳೆಯಲು ಹೊರಟರೆ ಸಿಗುವ ಅಂಕಿ ಆ ವ್ಯಕ್ತಿಯ ಬಗ್ಗೆ ಹೇಳುವುದಕ್ಕಿಂತ, ಅವರ ತಂಡ ಹೆಸರು ಹಾಕಲು ಯಾವ ನಿಯಮ ಇಟ್ಟುಕೊಂಡಿದೆ ಅನ್ನುವುದನ್ನೇ ಜಾಸ್ತಿ ಹೇಳುತ್ತದೆ. ಇದು ನನ್ನ ವಾದ. ಯಾಕೆ ಅಂತ ನೋಡೋಣ.

ಮೊದಲು ಎಚ್-ಇಂಡೆಕ್ಸ್. ಅಮೆರಿಕದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಕೊಟ್ಟ ಸೂತ್ರ ಇದು. ಒಂದು ಪೇಪರನ್ನು ಇನ್ನೊಂದು ಪೇಪರ್ ಆಧಾರವಾಗಿ ಹೆಸರಿಸಿದರೆ ಅದು ಒಂದು ಉಲ್ಲೇಖ. ನಿಮ್ಮ ಪೇಪರ್‌ಗಳಲ್ಲಿ ಕನಿಷ್ಠ 30ಕ್ಕೆ ತಲಾ 30 ಅಥವಾ ಹೆಚ್ಚು ಉಲ್ಲೇಖ ಸಿಕ್ಕಿದ್ದರೆ, ಮತ್ತು 31ರ ಲೆಕ್ಕ ಕೂಡಿಬರದಿದ್ದರೆ, ನಿಮ್ಮ ಎಚ್-ಇಂಡೆಕ್ಸ್ 30. ಲೆಕ್ಕ ಸುಲಭ, ಹಾಗಾಗಿ ಬೇಗ ಹಬ್ಬಿತು. ಈಗ ಇನ್ನೊಬ್ಬರನ್ನು ಊಹಿಸಿಕೊಳ್ಳಿ. ಅವರು ಬರೆದದ್ದು ಹತ್ತೇ ಪೇಪರ್. ಒಂದಕ್ಕೆ 15 ಸಾವಿರ ಉಲ್ಲೇಖ, ಉಳಿದ ಒಂಬತ್ತಕ್ಕೆ ಹತ್ತತ್ತು. ಅವರ ಎಚ್-ಇಂಡೆಕ್ಸ್ ಬರೀ 10. ಬ್ರಹ್ಮಾಂಡದ ಬಗ್ಗೆ ನಮ್ಮ ತಿಳಿವಳಿಕೆಯನ್ನೇ ಬದಲಿಸಿದ ಪೇಪರ್ ಈ ಲೆಕ್ಕದಲ್ಲಿ ಹತ್ತು ಉಲ್ಲೇಖದ ಪೇಪರಿಗೆ ಸಮ. ಹಿರ್ಶ್ ಕೂಡ 2020ರಲ್ಲಿ, ತಾನು ಹುಟ್ಟುಹಾಕಿದ ಅಳತೆ ಎಣಿಸದೇ ಇದ್ದ ಕೆಟ್ಟ ಪರಿಣಾಮಗಳನ್ನು ಮಾಡಿದೆ ಅಂತ ಬಹಿರಂಗವಾಗಿಯೇ ಬರೆದರು. ಅಷ್ಟರಲ್ಲಿ ನೇಮಕಾತಿ ಅರ್ಜಿಗಳಲ್ಲಿ ಅದಕ್ಕೊಂದು ಖಾನೆ ಆಗಿಹೋಗಿತ್ತು.

ಈ 15 ಸಾವಿರ ನಾನು ಸುಮ್ನೆ ತೆಗೆದುಕೊಂಡ ಸಂಖ್ಯೆಯಲ್ಲ. 1998ರಲ್ಲಿ ಅಮೆರಿಕದ ‘ಆಸ್ಟ್ರನಾಮಿಕಲ್ ಜರ್ನಲ್’ನಲ್ಲಿ ಬಂದ ಒಂದು ಪೇಪರಿಗೆ ಅದಕ್ಕಿಂತ ಹೆಚ್ಚು ಉಲ್ಲೇಖಗಳಿವೆ. ವಿಶ್ವದ ಹಿಗ್ಗುವಿಕೆ ನಿಧಾನವಾಗುತ್ತಿಲ್ಲ, ವೇಗ ಪಡೆಯುತ್ತಿದೆ ಅಂತ ಹೇಳಿದ ಪೇಪರ್ ಅದು. ಬರೆದದ್ದು ಹೈ-ಝಡ್ ಸೂಪರ್‌ನೋವಾ ತಂಡ. ಅದರ ಲೇಖಕರ ಸಾಲನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಮೊದಲ ಹೆಸರು ಆಡಂ ರೀಸ್. ವಿಶ್ಲೇಷಣೆ ಮಾಡಿದ್ದು ಅವರು, ಸರಿ. ಎರಡನೆಯದು ಅಲೆಕ್ಸ್ ಫಿಲಿಪೆಂಕೊ. ಅಲ್ಲಿಂದ ಮುಂದೆ ಚಾಲಿಸ್, ಕ್ಲೊಕಿಯಾಟ್ಟಿ, ಡೀರ್ಕ್ಸ್, ಗಾರ್ನವಿಚ್... ಇಂಗ್ಲಿಷ್ ಅಕ್ಷರಮಾಲೆಯ ಕ್ರಮ. ತಂಡದ ನಾಯಕ ಬ್ರಯಾನ್ ಶ್ಮಿಟ್ ಎಲ್ಲಿದ್ದಾರೆ? ಇಪ್ಪತ್ತರಲ್ಲಿ ಹದಿನಾಲ್ಕನೆಯವರು. ರೀಸ್ ಮತ್ತು ಶ್ಮಿಟ್ ಇಬ್ಬರಿಗೂ ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಮಾರ್ಗದರ್ಶಕರಾಗಿದ್ದ ರಾಬರ್ಟ್ ಕಿರ್ಷ್‌ನರ್ ಹತ್ತನೆಯವರು. ಕೊನೆಯ ಹೆಸರು ಜಾನ್ ಟಾನ್ರಿ. ಅವರ ಹೆಸರು ‘ಟಿ’ಯಿಂದ ಶುರುವಾಗುತ್ತದೆ, ಅದಕ್ಕೇ ಕೊನೆ.

ಈಗ ಶೇ 2ರ ಪಟ್ಟಿಗೆ ವಾಪಸ್ ಬನ್ನಿ. ಅದರ ಒಟ್ಟು ಅಂಕ ಆರು ಅಳತೆಗಳನ್ನು ಸೇರಿಸಿ ಬರುತ್ತದೆ. ಒಟ್ಟು ಉಲ್ಲೇಖ, ಎಚ್-ಇಂಡೆಕ್ಸ್, ಲೇಖಕರ ಸಂಖ್ಯೆಗೆ ತಕ್ಕಂತೆ ಸರಿಪಡಿಸಿದ ಇನ್ನೊಂದು ಇಂಡೆಕ್ಸ್. ಉಳಿದ ಮೂರು, ನೀವು ಏಕೈಕ ಲೇಖಕರೋ, ಮೊದಲ ಲೇಖಕರೋ, ಕೊನೆಯ ಲೇಖಕರೋ ಅನ್ನುವುದರ ಮೇಲೆ ನಿಂತಿವೆ. ಜೀವವಿಜ್ಞಾನದಲ್ಲಿ, ವೈದ್ಯಕೀಯದಲ್ಲಿ ಕೊನೆಯ ಹೆಸರು ಲ್ಯಾಬಿನ ಹಿರಿಯರದ್ದು. ಅಲ್ಲಿ ಇದು ಅರ್ಥ ಇರುವ ಅಳತೆ. ಖಗೋಳ ವಿಜ್ಞಾನದಲ್ಲಿ ಆ ಪದ್ಧತಿ ಇಲ್ಲ. ಮೊದಲ ಕೆಲವರು ಕೆಲಸ ಮಾಡಿದ ಕ್ರಮದಲ್ಲಿ, ಉಳಿದವರು ಅಕ್ಷರಮಾಲೆಯ ಕ್ರಮದಲ್ಲಿ ಬರುವುದು ಇಲ್ಲಿ ತುಂಬ ಸಾಮಾನ್ಯ. ಹಾಗಾಗಿ ಈ ಸೂತ್ರವನ್ನು ಕಣ್ಣುಮುಚ್ಚಿ ಹಾಕಿದರೆ ‘ಝಡ್’ನಿಂದ ಹೆಸರು ಶುರುವಾಗುವವರಿಗೆ ಬಿಟ್ಟಿ ಅಂಕ. ನೊಬೆಲ್ ಪಡೆದ ತಂಡದ ನಾಯಕನಿಗೆ, ಅವರ ತಂಡದ ಅತಿ ಮುಖ್ಯ ಪೇಪರಿನಿಂದ, ಈ ಮೂರು ಖಾನೆಗಳಲ್ಲಿ ಸೊನ್ನೆ.

2011ರ ನೊಬೆಲ್‌ನಲ್ಲಿ ಅರ್ಧ ಪಾಲು ಪ್ರತಿಸ್ಪರ್ಧಿ ತಂಡ ‘ಸೂಪರ್‌ನೋವಾ ಕಾಸ್ಮಾಲಜಿ ಪ್ರಾಜೆಕ್ಟ್’ ಕಟ್ಟಿದ ಸಾಲ್ ಪರ್ಲ್‌ಮಟರ್‌ಗೆ ಹೋಯಿತು. ಉಳಿದರ್ಧವನ್ನು ಶ್ಮಿಟ್ ಮತ್ತು ರೀಸ್ ಹಂಚಿಕೊಂಡರು. ನೊಬೆಲ್ ನಿಯಮದಲ್ಲಿ ಮೂವರ ಮೇಲೆ ಜಾಗವಿಲ್ಲ. ಅದೇ ಸಾಧನೆಗೆ 2007ರ ಗ್ರೂಬರ್ ಪ್ರಶಸ್ತಿ ಪರ್ಲ್‌ಮಟರ್, ಶ್ಮಿಟ್ ಜೊತೆ ಎರಡೂ ತಂಡಗಳ ಸದಸ್ಯರಿಗೆ ಹೋಗಿತ್ತು. 2015ರ ಬ್ರೇಕ್‌ಥ್ರೂ ಪ್ರಶಸ್ತಿಯ 30 ಲಕ್ಷ ಡಾಲರ್ ಹಂಚಿಕೆಯಾದದ್ದು 51 ಮಂದಿಗೆ. ಸಾಧನೆ ಒಂದೇ. ಒಬ್ಬರ ಲೆಕ್ಕದಲ್ಲಿ 3 ಜನ, ಇನ್ನೊಬ್ಬರ ಲೆಕ್ಕದಲ್ಲಿ 51. ಇನ್ನೊಂದು ತಮಾಷೆ ಇದೆ. ಆಗ ಈ ಎರಡು ತಂಡಗಳ ನಡುವೆ ಜಬರ್ದಸ್ತ್ ಪೈಪೋಟಿ ಇತ್ತು. ಆದರೂ ಫಿಲಿಪೆಂಕೊ ಹೆಸರು ಎರಡೂ ಕಡೆಯ ಪೇಪರಿನಲ್ಲಿದೆ. ಮೊದಲು ಪರ್ಲ್‌ಮಟರ್ ತಂಡದಲ್ಲಿದ್ದು ಆಮೇಲೆ ಹೈ-ಝಡ್ ತಂಡಕ್ಕೆ ಬಂದವರು ಅವರು. ಸಹಯೋಗದ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಇದನ್ನು ನೋಡಿದರೆ ಎರಡು ತಂಡಗಳ ನಡುವೆ ಸೇತುವೆ ಇದೆ ಅಂತ ಗೆರೆ ಎಳೆಯುತ್ತದೆ. ಅದಕ್ಕೆ ಪಕ್ಷಾಂತರ ಗೊತ್ತಾಗುವುದಿಲ್ಲ.

ಉಲ್ಲೇಖಗಳ ಲೆಕ್ಕದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಚಿಲಿ ದೇಶದ ಕಥೆ.

ದೂರದ ಸೂಪರ್‌ನೋವಾ ಎಷ್ಟು ದೂರ ಇದೆ ಅಂತ ಹೇಳಬೇಕಾದರೆ, ಅದರ ನಿಜವಾದ ಹೊಳಪು ಎಷ್ಟು ಅಂತ ಮೊದಲು ತಿಳಿದಿರಬೇಕು. ‘ಒನ್-ಎ’ ಬಗೆಯ ಸೂಪರ್‌ನೋವಾಗಳು ಎಲ್ಲವೂ ಒಂದೇ ಹೊಳಪಿನವಲ್ಲ. 1993ರಲ್ಲಿ ಮಾರ್ಕ್ ಫಿಲಿಪ್ಸ್ ಒಬ್ಬರೇ ಬರೆದ ಚಿಕ್ಕ ಪೇಪರಿನಲ್ಲಿ ಒಂಬತ್ತು ಸೂಪರ್‌ನೋವಾಗಳನ್ನು ಇಟ್ಟುಕೊಂಡು ಒಂದು ಸಂಬಂಧ ತೋರಿಸಿದರು. ಬೇಗ ಮಂಕಾಗುವವು ನಿಜಕ್ಕೂ ಕಡಿಮೆ ಹೊಳಪಿನವು, ನಿಧಾನಕ್ಕೆ ಮಂಕಾಗುವವು ಹೆಚ್ಚು ಹೊಳಪಿನವು. ಸೋವಿಯತ್ ಖಗೋಳ ವಿಜ್ಞಾನಿ ಯೂರಿ ಪ್ಸ್ಕೊವ್‌ಸ್ಕಿ 1970ರ ದಶಕದಲ್ಲೇ ಇದನ್ನು ಹೇಳಿದ್ದರು, ಆದರೆ ಆಗಿನ ದತ್ತಾಂಶದಲ್ಲಿ ನಂಬಿಕೆ ಬರುವಷ್ಟು ಬಲ ಇರಲಿಲ್ಲ. ಫಿಲಿಪ್ಸ್ ಸಂಬಂಧಕ್ಕೆ ಗಟ್ಟಿ ತಳಪಾಯ ಹಾಕಿದ್ದು ಮಾರಿಯೊ ಹಮೂಯ್, ಹೋಸೆ ಮಾಸಾ, ಫಿಲಿಪ್ಸ್ ಮತ್ತು ನಿಕ್ ಸಂಟ್ಜೆಫ್ ಸೇರಿ ಚಿಲಿಯಲ್ಲಿ ನಡೆಸಿದ ಕಲಾನ್-ಟೊಲೊಲೊ ಸಮೀಕ್ಷೆ. ಟೊಲೊಲೊ ಬೆಟ್ಟದ ಮೇಲೆ ಫೋಟೊ ಪ್ಲೇಟಿನಲ್ಲಿ ಆಕಾಶ ಹಿಡಿದು, ಪ್ಲೇಟುಗಳನ್ನು ಸ್ಯಾಂಟಿಯಾಗೊಗೆ ಕಳಿಸಿ, ಅಲ್ಲಿ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಹೊಸ ಚುಕ್ಕಿ ಹುಡುಕುತ್ತಿದ್ದರು. ಕಂಪ್ಯೂಟರ್ ಅಲ್ಲ, ಕಣ್ಣು.

ಪರ್ಲ್‌ಮಟರ್ ತಂಡ 1999ರ ಪೇಪರಿನಲ್ಲಿ 42 ದೂರದ ಸೂಪರ್‌ನೋವಾಗಳನ್ನು ಹೋಲಿಸಿದ್ದು 18 ಹತ್ತಿರದವುಗಳ ಜೊತೆ. ಆ ಹದಿನೆಂಟೂ ಬಂದದ್ದು ಇದೇ ಚಿಲಿ ಸಮೀಕ್ಷೆಯಿಂದ. ರೀಸ್ ಅವರ ಪೇಪರಿಗೂ ಇದರ ಆಸರೆ ಬೇಕಾಯಿತು. ಹತ್ತಿರದ್ದು ಗೊತ್ತಿಲ್ಲದೆ ದೂರದ್ದರ ಬಗ್ಗೆ ಏನೂ ಹೇಳಲಾಗುವುದಿಲ್ಲ. ಆದರೂ ಹಮೂಯ್, ಮಾಸಾ ಇಬ್ಬರ ಹೆಸರೂ 1998ರ ಆ ಇಪ್ಪತ್ತರ ಸಾಲಿನಲ್ಲಿಲ್ಲ. ಅವರ ಪೇಪರ್‌ಗಳಿಗೆ ಉಲ್ಲೇಖ ಬಂದಿದೆ, ಚೆನ್ನಾಗಿಯೇ ಬಂದಿದೆ. ಆದರೆ ಮೇಲಿನ ಎರಡು ದೊಡ್ಡ ಪೇಪರ್‌ಗಳ ಪಕ್ಕ ಇಟ್ಟರೆ ಸಣ್ಣ ಪಾಲು.

ಇದು ಹಳೇ ಕಾಲದ ಮಾತು ಅಂದುಕೊಳ್ಳಬೇಡಿ. ಈಗ ಇನ್ನೂ ಜಾಸ್ತಿಯಾಗಿದೆ. 2018ರಲ್ಲಿ ‘ಪ್ಯಾಂಥಿಯನ್’ ಅನ್ನುವ ಸಂಗ್ರಹ ಬಂತು, 1,048 ಸೂಪರ್‌ನೋವಾಗಳದ್ದು. 2022ರಲ್ಲಿ ಅದರ ದೊಡ್ಡ ಆವೃತ್ತಿ ‘ಪ್ಯಾಂಥಿಯನ್ ಪ್ಲಸ್’, 1,550 ಸೂಪರ್‌ನೋವಾಗಳದ್ದು. ಬೇರೆ ಬೇರೆ ತಂಡಗಳು ಹತ್ತಾರು ವರ್ಷ ಬೇರೆ ಬೇರೆ ಟೆಲಿಸ್ಕೋಪ್‌ಗಳಲ್ಲಿ ಅಳೆದದ್ದನ್ನು ಒಂದೇ ಮಟ್ಟಕ್ಕೆ ತಂದು ಜೋಡಿಸುವುದು ಸಣ್ಣ ಕೆಲಸವೇನಲ್ಲ. ಅದರಲ್ಲಿ ನಿಜವಾದ ವಿದ್ವತ್ತಿದೆ. ಆದರೆ ಆಮೇಲೆ ಡಾರ್ಕ್ ಎನರ್ಜಿ, ಅಂದರೆ ವಿಶ್ವದ ಹಿಗ್ಗುವಿಕೆಗೆ ವೇಗ ಕೊಡುತ್ತಿದೆ ಅಂತ ಊಹಿಸಿರುವ ಶಕ್ತಿಯ ಬಗ್ಗೆ ಬರೆಯುವ ಸಿದ್ಧಾಂತಿ ಆ ಒಂದು ಸಂಗ್ರಹವನ್ನು ಉಲ್ಲೇಖಿಸಿ ಕೈತೊಳೆದುಕೊಳ್ಳುತ್ತಾನೆ. ಒಳಗಿರುವ ಮೂಲ ಪೇಪರ್‌ಗಳನ್ನೆಲ್ಲ ಯಾರು ಬರೆಯುತ್ತಾರೆ? ಮದುವೆ ಊಟ ಚೆನ್ನಾಗಿತ್ತು ಅಂತ ಬಡಿಸಿದವರಿಗೆ ಹೇಳಿ ಹೋಗುತ್ತೇವಲ್ಲ, ಒಳಗಡೆ ಹೊಗೆಯಲ್ಲಿ ನಿಂತ ಭಟ್ಟರನ್ನು ಕೇಳುವವರಿಲ್ಲ, ಹಾಗೆ.

ಇನ್ನೂ ಹಿಂದಕ್ಕೆ ಹೋದರೆ ಲೆಕ್ಕ ಪೂರ್ತಿ ಮುಗ್ಗರಿಸುತ್ತದೆ. ಶ್ವೇತ ಕುಬ್ಜ, ಅಂದರೆ ಇಂಧನ ಮುಗಿದು ಕುಗ್ಗಿದ ನಕ್ಷತ್ರವೊಂದು ಸುಮಾರು 1.4 ಸೂರ್ಯರಷ್ಟು ತೂಕಕ್ಕಿಂತ ಹೆಚ್ಚು ತಾಳಲಾರದು ಅನ್ನುವುದು ‘ಒನ್-ಎ’ ಸಿಡಿತಗಳ ಬಗ್ಗೆ ಯೋಚಿಸುವಾಗ ಎಲ್ಲರೂ ಹಿಡಿದುಕೊಳ್ಳುವ ಎಳೆ. ಇದರ ಮೂಲ, ಎಸ್. ಚಂದ್ರಶೇಖರ್ 1931ರಲ್ಲಿ ಬರೆದ ಎರಡೇ ಪುಟದ ಪೇಪರ್. ಇವತ್ತು ಪೇಪರ್‌ಗಳಲ್ಲಿ ‘ಚಂದ್ರಶೇಖರ್ ಮಿತಿ’ ಅಂತ ಬರೆದು ಮುಂದೆ ಹೋಗುತ್ತಾರೆ. ಹೆಚ್ಚಿನವರು ಉಲ್ಲೇಖ ಕೊಡುವುದಿಲ್ಲ, ಕೊಡುವ ಅಗತ್ಯವೂ ಅನ್ನಿಸುವುದಿಲ್ಲ. ಒಂದು ಕೆಲಸ ಅಷ್ಟು ಪ್ರಭಾವಶಾಲಿಯಾದರೆ ಅದು ಲೆಕ್ಕದಿಂದಲೇ ಮಾಯವಾಗುತ್ತದೆ.

ಅದೇ ಚಂದ್ರಶೇಖರ್ ಹೆಸರಿನ ಎರಡು ಮೀಟರ್ ಟೆಲಿಸ್ಕೋಪ್ ಲಡಾಖಿನ ಹಾನ್ಲೆಯಲ್ಲಿದೆ, ಸುಮಾರು 4,500 ಮೀಟರ್ ಎತ್ತರದಲ್ಲಿ. ನಡೆಸುವುದು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ. ಖಗೋಳ ವಿಜ್ಞಾನಿ ಕೂರುವುದು ಹೊಸಕೋಟೆಯ ಕೇಂದ್ರದಲ್ಲಿ. ಉಪಗ್ರಹ ಸಂಪರ್ಕದ ಮೂಲಕ ಅಲ್ಲಿಂದಲೇ ಟೆಲಿಸ್ಕೋಪ್ ತಿರುಗಿಸುತ್ತಾರೆ. ಜಿ. ಸಿ. ಅನುಪಮಾ, ಡಿ. ಕೆ. ಸಾಹು ಮುಂತಾದವರಿಂದ ಇಲ್ಲಿ ಸೂಪರ್‌ನೋವಾ ಅಧ್ಯಯನದ ಒಂದು ಪರಂಪರೆಯೇ ಬೆಳೆದಿದೆ. ಹಾನ್ಲೆಯ ಬಲ ಅದರ ಜಾಗ. ಕ್ಯಾನರಿ ದ್ವೀಪಗಳಿಗೂ ಪೂರ್ವ ಆಸ್ಟ್ರೇಲಿಯಾಕ್ಕೂ ಹೆಚ್ಚುಕಮ್ಮಿ ನಡುವೆ ಬರುತ್ತದೆ. ಒಂದು ಕಡೆ ಬೆಳಗಾಗಿ ಇನ್ನೊಂದು ಕಡೆ ಇನ್ನೂ ಕತ್ತಲಾಗದ ಹೊತ್ತಿನಲ್ಲಿ ಸೂಪರ್‌ನೋವಾವನ್ನು ನೋಡುತ್ತಾ ಇರುವ ಕಣ್ಣು ಇದು. ಇದನ್ನೇ ನಾನು ನಿಜವಾದ ಸಹಯೋಗ ಅನ್ನುವುದು. ಆದರೆ ಇದಕ್ಕೆ ಯಾವ ಇಂಡೆಕ್ಸ್‌ನಲ್ಲೂ ಅಂಕ ಇಲ್ಲ.

ಒಂದು ಸೂಪರ್‌ನೋವಾವನ್ನೇ ಹತ್ತಿರದಿಂದ ನೋಡೋಣ. 2023ರ ಮೇ 19, ನಮ್ಮ ಗಡಿಯಾರದಲ್ಲಿ ರಾತ್ರಿ 11 ಗಂಟೆಯ ಆಸುಪಾಸು. ಜಪಾನಿನ ಕೊಇಚಿ ಇಟಗಾಕಿ ಸುಮಾರು 2 ಕೋಟಿ ಜ್ಯೋತಿರ್ವರ್ಷ ದೂರದ ಎಂ101 ಗೆಲಾಕ್ಸಿಯಲ್ಲಿ ಒಂದು ಹೊಸ ಚುಕ್ಕಿ ಕಂಡರು. ಇಟಗಾಕಿ ವೃತ್ತಿಯಿಂದ ಖಗೋಳ ವಿಜ್ಞಾನಿಯಲ್ಲ, ಹವ್ಯಾಸಿ. ಹೀಗೆಯೇ 150ಕ್ಕೂ ಹೆಚ್ಚು ಸೂಪರ್‌ನೋವಾ ಹಿಡಿದವರು. ಅವರು ‘ಟ್ರಾನ್ಸಿಯೆಂಟ್ ನೇಮ್ ಸರ್ವರ್’ಗೆ ವರದಿ ಹಾಕಿದರು. 2016ರಿಂದ ಹೊಸ ಚುಕ್ಕಿಗಳಿಗೆ ಅಧಿಕೃತವಾಗಿ ಹೆಸರಿಡುವ ಜಾಗ ಇದೇ. ಮೊದಲು ಸಿಗುವುದು ‘ಎಟಿ’ ಅನ್ನುವ ತಾತ್ಕಾಲಿಕ ಹೆಸರು. ಯಾರಾದರೂ ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ವರ್ಣಪಟಲ ತೆಗೆದು ಇದು ಸೂಪರ್‌ನೋವಾ ಹೌದು ಅಂತ ಹೇಳಿದ ಮೇಲಷ್ಟೇ ‘ಎಸ್‌ಎನ್’. ಕೆಲವೇ ಗಂಟೆಗಳಲ್ಲಿ ಕ್ಯಾನರಿ ದ್ವೀಪಗಳ ಲಾ ಪಾಲ್ಮಾದ ಲಿವರ್‌ಪೂಲ್ ಟೆಲಿಸ್ಕೋಪ್ ಆ ಕೆಲಸ ಮಾಡಿತು. ಎಸ್‌ಎನ್ 2023ಐಎಕ್ಸ್‌ಎಫ್ ಅಂತ ಹೆಸರಾಯಿತು. ಆಮೇಲೆ ನೂಕುನುಗ್ಗಲು. ಹಾನ್ಲೆಯೂ ತಿರುಗಿತು, ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹವೂ ಅತಿನೇರಳೆ ಬೆಳಕಿನಲ್ಲಿ ನೋಡಿತು, ಬೆಂಗಳೂರಿನ ಗುಂಪಿನಿಂದ ಅದೇ ವರ್ಷ ಪೇಪರ್ ಬಂತು.

ಇಲ್ಲಿ ಲೆಕ್ಕ ಹಾಕುವವರು ಗಮನಿಸಬೇಕಾದ ಒಂದು ಸೂಕ್ಷ್ಮ ಇದೆ. ಖಗೋಳ ವಿಜ್ಞಾನಿಗಳೆಲ್ಲ ಪೇಪರ್ ಹುಡುಕುವುದು ನಾಸಾದ ‘ಎಡಿಎಸ್’ ದತ್ತಸಂಚಯದಲ್ಲಿ. ನೇಮ್ ಸರ್ವರ್‌ಗೆ ಹಾಕುವ ಪುಟ್ಟ ಪುಟ್ಟ ವರದಿಗಳೂ ಅಲ್ಲಿ ಒಂದೊಂದು ದಾಖಲೆಯಾಗಿ ಸೇರುತ್ತವೆ. ಹಾಗಾಗಿ ಸೂಪರ್‌ನೋವಾ ಸಮೀಕ್ಷೆಯಲ್ಲಿರುವ ಯುವ ಸಂಶೋಧಕರ ಹೆಸರು ಹುಡುಕಿದರೆ ನೂರಾರು ಪ್ರಕಟಣೆ ಕಾಣಬಹುದು. ಅಬ್ಬಾ ಅನ್ನಿಸುತ್ತದೆ. ‘ರೆಫರೀಡ್’, ಅಂದರೆ ತಜ್ಞರು ಪರಿಶೀಲಿಸಿದ ಪೇಪರ್‌ಗಳು ಮಾತ್ರ ಅನ್ನುವ ಗುಂಡಿ ಒತ್ತಿದರೆ ಸಂಖ್ಯೆ ಧಡಕ್ಕನೆ ಇಳಿಯುತ್ತದೆ. ಗೊತ್ತಿಲ್ಲದವರು ಮೊದಲ ಸಂಖ್ಯೆ ನೋಡಿ ಬೆರಗಾಗುತ್ತಾರೆ, ಅರೆಬರೆ ಗೊತ್ತಿದ್ದವರು ಎರಡನೆಯದನ್ನು ನೋಡಿ ಮೊದಲನೆಯದು ಬರೀ ಬೊಗಳೆ ಅನ್ನುತ್ತಾರೆ. ಎರಡೂ ತಪ್ಪು. ಆ ವರದಿಗಳು ಪೇಪರ್ ಅಲ್ಲ ನಿಜ, ಆದರೆ ರಾತ್ರಿ ಎದ್ದು ಕೂತು ಮಾಡಿದ ಕೆಲಸ ಅದು. ಅವು ಇಲ್ಲದಿದ್ದರೆ ಬೇರೆಯವರ ಪೇಪರ್‌ಗಳೂ ಇಲ್ಲ.

ಸಹಯೋಗದ ಅಳತೆ ಇನ್ನೂ ಫಜೀತಿ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿ ಗುರುತ್ವ ತರಂಗದಲ್ಲೂ ಬೆಳಕಿನಲ್ಲೂ ಕಂಡಿತು. ಅದು ಸೂಪರ್‌ನೋವಾ ಅಲ್ಲ, ಆದರೆ ಬೆಳಕಿನ ಬೆನ್ನು ಹತ್ತಿದವರಲ್ಲಿ ಬಹಳ ಮಂದಿ ಸೂಪರ್‌ನೋವಾ ಹಿಡಿಯುವವರೇ. ಅದರ ಬಗ್ಗೆ ಬಂದ ಸಾಮೂಹಿಕ ಪೇಪರಿಗೆ ಸುಮಾರು 3,500 ಲೇಖಕರು. ಇಬ್ಬಿಬ್ಬರನ್ನು ಜೋಡಿ ಮಾಡಿ ಸಹಯೋಗ ಎಣಿಸಿದರೆ ಆ ಒಂದೇ ಪೇಪರಿನಿಂದ 61 ಲಕ್ಷ ಜೋಡಿ! ಒಬ್ಬರ ಮುಖ ಒಬ್ಬರು ಕಂಡಿರದ, ಒಂದು ಇಮೇಲ್ ಕೂಡ ಬರೆದುಕೊಂಡಿರದ ಜೋಡಿಗಳೇ ಇದರಲ್ಲಿ ಜಾಸ್ತಿ. ಒಬ್ಬ ಪಿಎಚ್‌ಡಿ ವಿದ್ಯಾರ್ಥಿಯ ಸಹಲೇಖಕರ ಸಂಖ್ಯೆ ಒಂದೇ ದಿನದಲ್ಲಿ ನಾಲ್ಕಂಕಿ ದಾಟುತ್ತದೆ.

ಇದರಲ್ಲಿ ಮೋಸ ಇದೆ ಅಂತ ಹೇಳುತ್ತಿಲ್ಲ. ದೊಡ್ಡ ಸಮೀಕ್ಷೆಗಳಲ್ಲಿ ಹೆಸರು ಹಾಕಲು ಬರಹದಲ್ಲಿ ನಿಯಮಗಳಿವೆ. ‘ಡಾರ್ಕ್ ಎನರ್ಜಿ ಸರ್ವೇ’ಯಲ್ಲಿ ಉಪಕರಣ ಕಟ್ಟಿದವರಿಗೆ, ಸಾಫ್ಟ್‌ವೇರ್ ಬರೆದವರಿಗೆ ‘ಬಿಲ್ಡರ್’ ಅನ್ನುವ ಹಕ್ಕು ಕೊಡುತ್ತಾರೆ. ಆಮೇಲೆ ಸಮೀಕ್ಷೆಯ ಪೇಪರ್‌ಗಳಲ್ಲಿ ಅವರು ಹೆಸರು ಸೇರಿಸಿಕೊಳ್ಳಬಹುದು. ಕ್ಯಾಮೆರಾ ಕಟ್ಟುವುದರಲ್ಲಿ ಹತ್ತು ವರ್ಷ ಸವೆಸಿದವರಿಗೆ ಇದು ನ್ಯಾಯ. ಆದರೆ ಹೊರಗಿನವರಿಗೆ ಬಿಲ್ಡರ್ ಯಾರು, ವಿಶ್ಲೇಷಣೆ ಮಾಡಿದವರು ಯಾರು ಅಂತ ಲೇಖಕರ ಸಾಲು ನೋಡಿ ತಿಳಿಯುವುದಿಲ್ಲ.

ಹಾಗಾದರೆ ಪಾಲು ಹಂಚಿಬಿಡೋಣ ಅಂದರು ಕೆಲವರು. 2012ರಲ್ಲಿ ಆಲ್ಬರ್ಟೊ ಪೆಪೆ ಮತ್ತು ಎಡಿಎಸ್‌ನ ಮೈಕೆಲ್ ಕರ್ಟ್ಜ್ ‘ಟೋರಿ’ ಅನ್ನುವ ಅಳತೆ ಮುಂದಿಟ್ಟರು. ತಮ್ಮನ್ನೇ ತಾವು ಉಲ್ಲೇಖಿಸಿಕೊಂಡದ್ದನ್ನು ಬಿಡಬೇಕು. ಉಳಿದ ಪ್ರತಿ ಉಲ್ಲೇಖವನ್ನು ಪೇಪರಿನ ಲೇಖಕರ ಸಂಖ್ಯೆಯಿಂದಲೂ, ಉಲ್ಲೇಖಿಸಿದ ಪೇಪರಿನಲ್ಲಿ ಒಟ್ಟು ಎಷ್ಟು ಉಲ್ಲೇಖ ಇವೆಯೋ ಅದರಿಂದಲೂ ಭಾಗಿಸಬೇಕು. ಎಡಿಎಸ್‌ನಲ್ಲಿ ಯಾರ ಟೋರಿಯನ್ನು ಬೇಕಾದರೂ ನೋಡಬಹುದು. ಎಚ್-ಇಂಡೆಕ್ಸ್‌ಗಿಂತ ಇದು ಎಷ್ಟೋ ವಾಸಿ, ನನಗಂತೂ ಇದರ ಮೇಲೆ ಗೌರವ ಇದೆ. ಆದರೆ ಇದೂ ಸಮಪಾಲು ಹಂಚುತ್ತದೆ. 1998ರ ಪೇಪರಿನಲ್ಲಿ ರೀಸ್‌ಗೂ ಇಪ್ಪತ್ತನೇ ಒಂದು ಭಾಗ, ಒಂದೆರಡು ರಾತ್ರಿ ಅವಲೋಕನಕ್ಕೆ ನೆರವಾದವರು ಯಾರಾದರೂ ಇದ್ದರೆ ಅವರಿಗೂ ಅಷ್ಟೇ. ಮೇಲಾಗಿ, ಹೀಗೆ ಭಾಗಿಸುವುದೇ ರೂಢಿಯಾದರೆ ಸಹಲೇಖಕರನ್ನು ಸೇರಿಸಿಕೊಳ್ಳುವುದು ನಷ್ಟದ ಬಾಬತ್ತಾಗುತ್ತದೆ. ಹತ್ತು ಟೆಲಿಸ್ಕೋಪ್ ಬೇಕಾದ ಕ್ಷೇತ್ರದಲ್ಲಿ ಅದಕ್ಕಿಂತ ಕೆಟ್ಟ ಬುದ್ಧಿ ಇನ್ನೊಂದಿಲ್ಲ.

ನಮ್ಮವರಿಗೆ ಇನ್ನೊಂದು ಬೇರೆಯೇ ತಾಪತ್ರಯ: ಹೆಸರು. ದಕ್ಷಿಣದಲ್ಲಿ ಇನಿಷಿಯಲ್ ಅಂದರೆ ಊರು ಅಥವಾ ಅಪ್ಪನ ಹೆಸರು, ಮನೆತನದ ಹೆಸರಲ್ಲ. ದತ್ತಸಂಚಯಗಳು ಕೇಳುವುದು ಸರ್‌ನೇಮ್. ಮೊದಲ ಪೇಪರಿನಲ್ಲಿ ಒಂದು ರೀತಿ, ಪಾಸ್‌ಪೋರ್ಟ್ ಮಾಡಿಸಿದ ಮೇಲೆ ಇನ್ನೊಂದು ರೀತಿ. ಒಬ್ಬರೇ ಇಬ್ಬರಾಗುತ್ತಾರೆ, ಎಚ್-ಇಂಡೆಕ್ಸ್ ಎರಡು ಹೋಳಾಗುತ್ತದೆ. ‘ಕುಮಾರ್, ಎಸ್.’ ಅಂತ ಹುಡುಕಿ ನೋಡಿ, ಒಂದು ಊರಿನಷ್ಟು ಜನ ಒಬ್ಬರಾಗಿ ನಿಂತಿರುತ್ತಾರೆ. 2012ರಲ್ಲಿ ಶುರುವಾದ ‘ಆರ್ಕಿಡ್’ ಗುರುತಿನ ಸಂಖ್ಯೆಯಿಂದ ಇದು ಸ್ವಲ್ಪ ಸರಿಹೋಗಿದೆ. ಹಳೆಯ ಪೇಪರ್‌ಗಳಿಗೆ ಅದನ್ನು ಕೂತು ಜೋಡಿಸಿಕೊಳ್ಳಬೇಕು. ಮಾಡಿಸಿಕೊಳ್ಳದ ಹಿರಿಯರು ಬೇಕಾದಷ್ಟಿದ್ದಾರೆ.

ಸಂಶೋಧನೆಯ ಮೌಲ್ಯಮಾಪನದ ಬಗ್ಗೆ ಬಂದ 2013ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ, 2015ರ ಲೈಡನ್ ಪ್ರಣಾಳಿಕೆ ಎರಡೂ ಇದೇ ಮಾತು ಹೇಳಿವೆ: ಅಂಕಿ ತಜ್ಞರ ತೀರ್ಮಾನಕ್ಕೆ ನೆರವಾಗಲಿ, ಅದರ ಜಾಗದಲ್ಲಿ ಕೂರದಿರಲಿ. ಮೊದಲನೆಯದಕ್ಕೆ ಸಹಿ ಹಾಕಿದ ಸಂಸ್ಥೆಗಳು ಬಹಳ. ಆಚರಣೆಯ ಮಾತು ಬೇರೆ. ಸೂಪರ್‌ನೋವಾ ವಿಜ್ಞಾನಿಯೊಬ್ಬರನ್ನು ಆಯ್ಕೆ ಮಾಡಲು ಕೂತ ಸಮಿತಿಯಲ್ಲಿ ನಾನಿದ್ದರೆ ಮೂರ್ನಾಲ್ಕು ಪೇಪರ್ ತೆಗೆದಿಟ್ಟು ಕೇಳುತ್ತೇನೆ. ಇದರಲ್ಲಿ ನೀವು ಮಾಡಿದ್ದು ಯಾವುದು? ಅವಲೋಕನದ ಸಮಯ ಕೋರಿ ಅರ್ಜಿ ಬರೆದವರು ಯಾರು? ಬೆಳಕಿನ ಏರಿಳಿತದ ಈ ಗ್ರಾಫಿನಲ್ಲಿ ನಿಮ್ಮ ಚುಕ್ಕಿಗಳು ಯಾವುವು? ನಿಮ್ಮ ದತ್ತಾಂಶವನ್ನು ನಿಮ್ಮ ಹೆಸರಿಲ್ಲದ ಪೇಪರ್‌ಗಳು ಎಷ್ಟು ಬಳಸಿವೆ? ಕೊನೆಯದೇ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಅಂತ ನನಗನ್ನಿಸುತ್ತದೆ. ಸಹಲೇಖಕರಾಗದೆಯೂ ಇನ್ನೊಬ್ಬರಿಗೆ ಉಪಯೋಗವಾದದ್ದು ಪ್ರಭಾವ ಅಲ್ವಾ? ಕಷ್ಟ ಏನೆಂದರೆ, ಇದಕ್ಕೆ ಉತ್ತರ ಓದಲು ಸಮಿತಿಗೆ ಅರ್ಧ ದಿನ ಬೇಕು. ಎಚ್-ಇಂಡೆಕ್ಸ್ ನೋಡಲು ಅರ್ಧ ನಿಮಿಷ ಸಾಕು.

ಇದು ಈಗಲೇ ಚರ್ಚೆಯಾಗಬೇಕಾದ ಕಾರಣ ಚಿಲಿಯಲ್ಲಿದೆ. ಅಲ್ಲಿನ ವೆರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ಬಿಡುಗಡೆ ಮಾಡಿತು. ಹತ್ತು ವರ್ಷದ ಅದರ ಸಮೀಕ್ಷೆಯಲ್ಲಿ ಆಕಾಶದಲ್ಲಿ ಏನೇ ಬದಲಾದರೂ ಒಂದು ಸೂಚನೆ ಹೊರಡುತ್ತದೆ, ರಾತ್ರಿಗೆ ಸುಮಾರು ಒಂದು ಕೋಟಿಯವರೆಗೆ. ಎಲ್ಲದರ ವರ್ಣಪಟಲ ತೆಗೆಯುವಷ್ಟು ಟೆಲಿಸ್ಕೋಪ್ ಭೂಮಿಯ ಮೇಲಿಲ್ಲ. ಹಾಗಾಗಿ ವಿಂಗಡಿಸುವ ಕೆಲಸ ಹೆಚ್ಚಾಗಿ ಯಂತ್ರದ್ದೇ. 2024ರಲ್ಲಿ ಡಾರ್ಕ್ ಎನರ್ಜಿ ಸರ್ವೇ ತನ್ನ ಸುಮಾರು 1,500 ‘ಒನ್-ಎ’ ಸೂಪರ್‌ನೋವಾಗಳನ್ನು ಹೀಗೆಯೇ, ಮೆಷಿನ್ ಲರ್ನಿಂಗ್ ಬಳಸಿ ಆರಿಸಿತು. ಇನ್ನು ಮುಂದೆ ಸೂಪರ್‌ನೋವಾವನ್ನು ಕಂಡುಹಿಡಿದವರು ಯಾರು ಅಂದರೆ ಬೆರಳು ತೋರಿಸಲು ಒಬ್ಬ ಮನುಷ್ಯ ಸಿಗುವುದು ಅಪರೂಪ. ಸಾಫ್ಟ್‌ವೇರ್ ಬರೆದವರು, ಯಾವುದನ್ನು ಬೆನ್ನು ಹತ್ತಬೇಕು ಅಂತ ಆರಿಸಿದವರು, ಎರಡು ಮೀಟರ್ ಟೆಲಿಸ್ಕೋಪನ್ನು ಸರಿಯಾದ ಹೊತ್ತಿಗೆ ತಿರುಗಿಸಿದವರು, ಹೀಗೆ ಕೆಲಸ ಚೂರುಚೂರಾಗುತ್ತದೆ.

ಆ ಚೂರುಗಳನ್ನು ಹುಡುಕಲು ಒಂದು ದಾರಿ ಈಗಾಗಲೇ ಇದೆ, ಬಳಸುವವರು ಕಡಿಮೆ. ಎಡಿಎಸ್‌ನಲ್ಲಿ ಪೇಪರಿನ ಕೊನೆಗಿರುವ ಕೃತಜ್ಞತೆಯ ಭಾಗವನ್ನಷ್ಟೇ ಪ್ರತ್ಯೇಕವಾಗಿ ಹುಡುಕಬಹುದು. ಅಲ್ಲಿ ಹೊಸಕೋಟೆ ಅಂತ ಟೈಪ್ ಮಾಡಿದರೆ, ಹಾನ್ಲೆ ಮತ್ತು ಹೊಸಕೋಟೆಯ ಸಿಬ್ಬಂದಿಯಿಂದ ಈ ಅವಲೋಕನ ಸಾಧ್ಯವಾಯಿತು ಅಂತ ನೆನೆದ ಪೇಪರ್‌ಗಳು ಸಾಲಾಗಿ ಬರುತ್ತವೆ. ಹಾಗೆ ನೆನೆಸಿಕೊಂಡದ್ದನ್ನು ಯಾರ ಎಚ್-ಇಂಡೆಕ್ಸ್‌ಗೂ ಯಾವ ಶ್ರೇಯಾಂಕಕ್ಕೂ ಸೇರಿಸುವುದಿಲ್ಲ.